ಕಮಾನು ಮನೆಗೆ ದರಪಟ್ಟಿ ಬರೆಯುವ ಮುನ್ನ

ತೆಳುವಾದ ತಗಡನ್ನು ಬಾಗಿಸಿದರೆ ಅದಕ್ಕೆ ಬಲ ಬರುತ್ತದೆ ಎಂಬುದು ಶಿವಾಜಿನಗರದ ತಗಡು ಕೆಲಸಗಾರರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಅಂಗಡಿಯ ರೋಲಿಂಗ್ ಷಟರ್‌ನ ಒಂದೊಂದು ಪಟ್ಟಿಯೂ ಸ್ವಲ್ಪ ಬಾಗಿರುವುದು ಅಂದಕ್ಕಾಗಿ ಅಲ್ಲ. ದಂಡು ರೈಲು ನಿಲ್ದಾಣದ ಸಮೀಪದ ಬಂಬೂ ಬಜಾರಿನ ವರ್ತಕರಿಗೂ ಇದೇ ತತ್ತ್ವ ಬೇರೊಂದು ವಸ್ತುವಿನಲ್ಲಿ ಪರಿಚಿತ. ಬಿದಿರಿನ ಸೀಳನ್ನು ಬಗ್ಗಿಸಿ ಎರಡೂ ತುದಿಗಳನ್ನು ಬಿಗಿದರೆ ಕಮಾನುಗಾಡಿಯ ಮೇಲ್ಛಾವಣಿ ಸಿದ್ಧ. ನೀಲಗಿರಿಯ ತೋಡರು ಬಿದಿರು ಬೆತ್ತಗಳನ್ನು ಬಗ್ಗಿಸಿ ಕಟ್ಟುವ ಅರ್ಧ ಪೀಪಾಯಿಯಾಕಾರದ ಮನೆಗಳು ಬೆಟ್ಟದ ಗಾಳಿ ಮಳೆಗಳನ್ನು ಬಹುಕಾಲದಿಂದ ಎದುರಿಸುತ್ತ ಬಂದಿವೆ.

ಅದೇ ಆಕಾರವು ಈಗ ಉಕ್ಕಿನಲ್ಲಿ ಮಾರುಕಟ್ಟೆಗೆ ಬಂದಿದೆ. ಗೋಡೆ ಮತ್ತು ಛಾವಣಿ ಒಂದೇ ಆಗಿರುವ, ಒಳಗೆ ಕಂಬ ತೊಲೆಗಳಿಲ್ಲದ, ಕಾರ್ಖಾನೆಯಲ್ಲಿಯೇ ತಯಾರಾಗಿ ನಿವೇಶನದಲ್ಲಿ ನಟ್ಟು ಬೋಲ್ಟುಗಳಿಂದ ಜೋಡಿಸಬಹುದಾದ ಕಮಾನು ಕಟ್ಟಡವು ಗೋದಾಮಿಗಷ್ಟೇ ಅಲ್ಲ, ಮನೆಗೂ ಹೋಮ್‌ಸ್ಟೇಗೂ ಸಿಬ್ಬಂದಿಯ ವಸತಿಗೂ ಬಳಕೆಯಾಗಬಲ್ಲದು. ಬೆಂಗಳೂರಿನ ಸಣ್ಣ ಉದ್ದಿಮೆದಾರರಿಗೆ ಇದು ಕೈಗೆಟುಕುವ ಕೆಲಸ. ತೊಡಕಿರುವುದು ಕಟ್ಟಡ ನಿಲ್ಲುವ ಸ್ಥಳದಲ್ಲಿ. ಬೆಂಗಳೂರಿನ ಗಾಳಿಗೆ ಒಗ್ಗುವ ಕಮಾನನ್ನು ಅದೇ ಅಳತೆ, ಅದೇ ಅಡಿಪಾಯ, ಅದೇ ದರದಲ್ಲಿ ಮಂಗಳೂರಿಗೋ ಪುರಿಗೋ ಕಳುಹಿಸಿದರೆ ಏನಾಗುತ್ತದೆ ಎಂಬುದನ್ನು ಆರ್ಡರ್ ಒಪ್ಪಿಕೊಳ್ಳುವ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ.

ಯುದ್ಧಕಾಲದ ಕೂಸು

ಪೂರ್ವನಿರ್ಮಿತ ಲೋಹದ ಕಟ್ಟಡ ಬೆಂಗಳೂರಿಗೆ ಹೊಸದೇನಲ್ಲ. 1889ರಲ್ಲಿ ಅಡಿಗಲ್ಲು ಕಂಡ ಲಾಲ್‌ಬಾಗ್‌ನ ಗಾಜಿನ ಮನೆಯ ಎರಕದ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಯಾರಾಗಿ ಹಡಗೇರಿ ಬಂದು ಇಲ್ಲಿ ಜೋಡಣೆಗೊಂಡವು. ಸುಕ್ಕುತಗಡಿನ ಚರಿತ್ರೆ ಇನ್ನೂ ಹಿಂದಿನದು. ಲಂಡನ್ನಿನ ಹೆನ್ರಿ ಪಾಮರ್ ಅದಕ್ಕೆ ಪೇಟೆಂಟ್ ಪಡೆದದ್ದು 1829ರಲ್ಲಿ. ಅದನ್ನೇ ಅರ್ಧವೃತ್ತಕ್ಕೆ ಬಗ್ಗಿಸಿ ಮನೆಯಾಗಿಸಿದ ಕೀರ್ತಿ ಬ್ರಿಟಿಷ್ ಸೈನ್ಯದ ಇಂಜಿನಿಯರ್ ಮೇಜರ್ ಪೀಟರ್ ನಿಸನ್‌ಗೆ ಸಲ್ಲುತ್ತದೆ. 1916ರಲ್ಲಿ ಆತ ರೂಪಿಸಿದ ಗುಡಿಸಲು ಒಂದು ಸೇನಾ ಗಾಡಿಯಲ್ಲಿ ಹಿಡಿಸುತ್ತಿತ್ತು. ಆರು ಜನ ನಾಲ್ಕು ಗಂಟೆಗಳಲ್ಲಿ ಅದನ್ನು ನಿಲ್ಲಿಸಬಹುದಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಅಮೆರಿಕದ ನೌಕಾಪಡೆಯು ರೋಡ್ ಐಲೆಂಡ್‌ನ ಕ್ವಾನ್ಸೆಟ್ ಪಾಯಿಂಟ್‌ನಲ್ಲಿ ಇದರ ಸುಧಾರಿತ ರೂಪವನ್ನು ತಯಾರಿಸತೊಡಗಿತು. ಒಂದೂವರೆ ಲಕ್ಷದಷ್ಟು ಕ್ವಾನ್ಸೆಟ್ ಕಟ್ಟಡಗಳು ತಯಾರಾದವೆಂದು ಅಂದಾಜು. ಯುದ್ಧ ಮುಗಿದ ಮೇಲೆ ಉಳಿದವು ಹರಾಜಾಗಿ ಮನೆಗಳೂ ಅಂಗಡಿಗಳೂ ಆದವು.

ಕಮಾನು ಬಿರುಗಾಳಿಗೆ ಜಗ್ಗದು ಎಂಬ ಮಾರಾಟದ ಮಾತು ಹುಟ್ಟಿದ್ದು ಆ ಕಾಲದಲ್ಲಿಯೇ. ಮಾತಿನಲ್ಲಿ ಅರ್ಧ ನಿಜವಿದೆ. ಚೂಪು ಮೂಲೆಗಳಿಲ್ಲದ ಕಾರಣ ಗಾಳಿ ಸುಗಮವಾಗಿ ಮೇಲೆ ಹಾಯುತ್ತದೆ; ಹಂಚಿನ ಮನೆಯ ಸೂರಿನಂತೆ ಗಾಳಿಗೆ ಸಿಕ್ಕುವ ಅಂಚು ಇಲ್ಲ. ಉಳಿದ ಅರ್ಧವನ್ನು ಪೆಸಿಫಿಕ್ ಸಾಗರದ ಗುವಾಮ್ ದ್ವೀಪ ಕಲಿಯಿತು. 1962ರ ನವೆಂಬರಿನಲ್ಲಿ ಕ್ಯಾರೆನ್ ಎಂಬ ಚಂಡಮಾರುತ ಅಪ್ಪಳಿಸಿದಾಗ ದ್ವೀಪದ ಬಹುತೇಕ ಮನೆಗಳು ಹಾಳಾದವು. ಯುದ್ಧಕಾಲದ ತಗಡು ಮತ್ತು ಮರದ ಕಟ್ಟಡಗಳು ನೆಲಕಚ್ಚಿದವು. ಅನಂತರ ಗುವಾಮ್ ಕಾಂಕ್ರೀಟ್ ಮನೆಗಳತ್ತ ಹೊರಳಿತು. ಆಕಾರವೊಂದೇ ರಕ್ಷಣೆ ನೀಡುವಂತಿದ್ದರೆ ಹಾಗಾಗಬೇಕಾಗಿರಲಿಲ್ಲ.

ಗಾಳಿಯ ಲೆಕ್ಕ

ಗಾಳಿಯ ಒತ್ತಡದ ಮೂಲ ಸೂತ್ರ ಸರಳವಾದುದು. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿನ ಮೇಲಿನ ಒತ್ತಡ ನ್ಯೂಟನ್‌ಗಳಲ್ಲಿ ದೊರೆಯುತ್ತದೆ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 875ರ ಮೂರನೆಯ ಭಾಗವು (1987ರದ್ದು, 2015ರಲ್ಲಿ ಪರಿಷ್ಕೃತ) ಊರೂರಿಗೆ ಮೂಲ ವೇಗವನ್ನು ನಿಗದಿಪಡಿಸಿದೆ. ಬೆಂಗಳೂರಿಗೆ 33, ಮಂಗಳೂರಿಗೆ 39. ಚೆನ್ನೈ, ವಿಶಾಖಪಟ್ಟಣ, ಭುವನೇಶ್ವರಗಳಿಗೆ 50. ಗಂಟೆಯ ಲೆಕ್ಕದಲ್ಲಿ ಇವು ಸುಮಾರು 119, 140 ಮತ್ತು 180 ಕಿ.ಮೀ. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ಒತ್ತಡ ಎರಡೂಕಾಲು ಪಟ್ಟು ಏರುತ್ತದೆ ಎಂಬುದನ್ನು ಚಕ್ರಬಡ್ಡಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಚದರ ಮೀಟರಿಗೆ ಬೆಂಗಳೂರಿನಲ್ಲಿ ಸುಮಾರು 67 ಕೆ.ಜಿ. ಭಾರಕ್ಕೆ ಸಮನಾದ ಒತ್ತಡವು ಮಂಗಳೂರಿನಲ್ಲಿ 93 ಕೆ.ಜಿ.ಗೂ ಪೂರ್ವ ಕರಾವಳಿಯಲ್ಲಿ 153 ಕೆ.ಜಿ.ಗೂ ತಲುಪುತ್ತದೆ.

ಈ ಅಂಕಿಗಳನ್ನು ಒಂದು ಮನೆಗೆ ಅನ್ವಯಿಸಿ ನೋಡಬಹುದು. ಆರು ಮೀಟರ್ ಅಗಲ, ಹನ್ನೆರಡು ಮೀಟರ್ ಉದ್ದದ ಅರ್ಧವೃತ್ತದ ಕಮಾನು ಮನೆಯ ನೆಲದ ವಿಸ್ತೀರ್ಣ 72 ಚದರ ಮೀಟರ್, ಅಂದರೆ ಸುಮಾರು 775 ಚದರ ಅಡಿ. ಹೊದಿಕೆಯ ತಗಡು 113 ಚದರ ಮೀಟರ್. 0.8 ಮಿ.ಮೀ. ದಪ್ಪದ ತಗಡು ಸುಕ್ಕುಗಳನ್ನೂ ಸೇರಿಸಿ ಚದರ ಮೀಟರಿಗೆ 9 ಕೆ.ಜಿ. ತೂಗುತ್ತದೆಂದು ಹಿಡಿದರೆ ಇಡೀ ಮನೆಯ ಹೊದಿಕೆ ಒಂದು ಟನ್ನಿಗೆ ಸ್ವಲ್ಪ ಹೆಚ್ಚು. ಗಾಳಿ ಬೀಸಿದಾಗ ಕಮಾನಿನ ನೆತ್ತಿಯ ಮೇಲೆ ಆಗುವುದು ತಳ್ಳುವಿಕೆಯಲ್ಲ, ಮೇಲಕ್ಕೆ ಎಳೆಯುವ ಹೀರುವಿಕೆ. ಸರಳತೆಗಾಗಿ ಇಡೀ ನೆಲದಳತೆಯ ಮೇಲೆ ಮೂಲ ಒತ್ತಡದಷ್ಟೇ ಎಳೆತ ಬೀಳುತ್ತದೆಂದು ಇಟ್ಟುಕೊಂಡರೆ ಆ ಬಲ ಬೆಂಗಳೂರಿನಲ್ಲಿ 4.8 ಟನ್, ಮಂಗಳೂರಿನಲ್ಲಿ 6.7 ಟನ್, ಪೂರ್ವ ಕರಾವಳಿಯಲ್ಲಿ 11 ಟನ್. ಒಂದು ಟನ್ನಿನ ಮನೆಯನ್ನು ಹಿಡಿದಿಡಬೇಕಾದದ್ದು ಅಡಿಪಾಯ.

ಎರಡು ಉದ್ದ ಬದಿಗಳ ಕೆಳಗೆ ಒಂದಡಿ ಅಗಲ, ಒಂದಡಿ ಆಳದ ಕಾಂಕ್ರೀಟ್ ಪಟ್ಟಿ ಹಾಕಿದರೆ 24 ಮೀಟರ್ ಉದ್ದಕ್ಕೆ ಸುಮಾರು 5.2 ಟನ್ ಭಾರವಾಗುತ್ತದೆ. ತಗಡಿನ ತೂಕ ಸೇರಿ 6.2 ಟನ್. ಬೆಂಗಳೂರಿಗೆ ಸಾಕು. ಮಂಗಳೂರಿನಲ್ಲಿ ಅರ್ಧ ಟನ್ ಕೊರತೆ. ಪೂರ್ವ ಕರಾವಳಿಯಲ್ಲಿ ಮನೆ ಅಡಿಪಾಯದೊಂದಿಗೇ ಎದ್ದು ಹೋದೀತು. ಪಟ್ಟಿಯನ್ನು ಒಂದೂವರೆ ಅಡಿಗೆ ಒಂದೂವರೆ ಅಡಿ ಮಾಡಿದರೆ ಒಟ್ಟು ಭಾರ 12.7 ಟನ್ನಿಗೆ ಏರುತ್ತದೆ. ಇದಕ್ಕೆ ಬೇಕಾದ ಹೆಚ್ಚುವರಿ ಕಾಂಕ್ರೀಟ್ ಎಷ್ಟು? ಕೇವಲ 2.7 ಘನ ಮೀಟರ್. ಇಡೀ ಮನೆಯ ವೆಚ್ಚದ ಮುಂದೆ ಇದು ಸಣ್ಣ ಬಾಬ್ತು. ಆದರೆ ಪೈಪೋಟಿಯ ದರಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು, ಮಣ್ಣಿನಡಿ ಹೋಗಿ ಯಾರ ಕಣ್ಣಿಗೂ ಬೀಳದ ಇಂತಹ ಬಾಬ್ತಿಗೇ.

ಇದು ವ್ಯಾಪಾರಿಯ ಕಣ್ಣಳತೆಯ ಲೆಕ್ಕವೇ ಹೊರತು ವಿನ್ಯಾಸವಲ್ಲ. ಸುರಕ್ಷತೆಯ ಅಂಶ, ಭೂಮಿಯ ಏರಿಳಿತ, ಕಟ್ಟಡದ ಎತ್ತರ, ತೆರೆದ ಬಾಗಿಲುಗಳ ಪರಿಣಾಮ ಇವುಗಳನ್ನೆಲ್ಲ ಸೇರಿಸಿ ಅಂತಿಮ ಅಳತೆ ನೀಡಬೇಕಾದವರು ರಚನಾ ಇಂಜಿನಿಯರ್. 2015ರ ಪರಿಷ್ಕರಣೆಯು ಪೂರ್ವ ಕರಾವಳಿ ಮತ್ತು ಗುಜರಾತ್ ಕರಾವಳಿಯ 60 ಕಿ.ಮೀ. ಪಟ್ಟಿಯಲ್ಲಿ ಮತ್ತೊಂದು ಗುಣಾಂಕವನ್ನೂ ಸೇರಿಸಿದೆ. ಕೈಗಾರಿಕಾ ಕಟ್ಟಡಕ್ಕೆ ವೇಗವನ್ನು 1.15ರಿಂದ, ಚಂಡಮಾರುತದ ನಂತರ ಅಗತ್ಯವಾಗುವ ಆಸ್ಪತ್ರೆ, ಆಶ್ರಯತಾಣಗಳಿಗೆ 1.30ರಿಂದ ಗುಣಿಸಬೇಕು. ಸಾಮಾನ್ಯ ವಾಸದ ಮನೆಗೆ ಈ ಹೆಚ್ಚುವರಿ ಅನ್ವಯಿಸದು. ಇಂದು ಮನೆಯೆಂದು ಕೊಂಡ ಕಮಾನನ್ನು ಗ್ರಾಹಕರು ನಾಳೆ ಕಾರ್ಖಾನೆ ಮಾಡಿಕೊಂಡರೆ ಕರಾರಿನಲ್ಲಿ ಬಳಕೆಯ ಉದ್ದೇಶ ಬರೆದಿಟ್ಟವರು ನಿಶ್ಚಿಂತರಾಗಿರುತ್ತಾರೆ. ಚಿಕ್ಕ ಮನೆಗಳ ಚಂಡಮಾರುತ ನಿರೋಧಕ್ಕೆಂದೇ 2004ರಲ್ಲಿ ಹೊರಬಂದ ಐ.ಎಸ್. 15498 ಮಾರ್ಗಸೂಚಿಯೂ ಇಂಜಿನಿಯರರ ಮೇಜಿನ ಮೇಲಿರುವುದು ಲೇಸು.

ಸೋಲುವುದು ಷಟರ್

ಕಮಾನಿನ ಎರಡು ತುದಿಗಳನ್ನು ಮುಚ್ಚುವ ಚಪ್ಪಟೆ ಗೋಡೆಗಳಿಗೆ ಬಾಗಿದ ತಗಡಿನ ಬಲವಿಲ್ಲ. ಬಾಗಿಲು, ಕಿಟಕಿ, ವಾಹನ ನಿಲ್ಲಿಸುವ ಷಟರ್ ಎಲ್ಲ ಇರುವುದೂ ಅಲ್ಲಿಯೇ. ಷಟರ್ ಒಳಗೆ ಬಾಗಿ ಹಳಿಯಿಂದ ಕಳಚಿದೊಡನೆ ಗಾಳಿ ಒಳನುಗ್ಗಿ ಮನೆಯನ್ನು ಬಲೂನಿನಂತೆ ಉಬ್ಬಿಸುತ್ತದೆ. ಹೊರಗಿನ ಎಳೆತಕ್ಕೆ ಒಳಗಿನ ತಳ್ಳುವಿಕೆ ಸೇರಿ ಛಾವಣಿ ಹೋಗುತ್ತದೆ. 1992ರ ಆಗಸ್ಟ್ 24ರಂದು ಅಮೆರಿಕದ ಫ್ಲಾರಿಡಾಕ್ಕೆ ಅಪ್ಪಳಿಸಿದ ಆಂಡ್ರ್ಯೂ ಚಂಡಮಾರುತದಲ್ಲಿ ಎಷ್ಟೋ ಮನೆಗಳು ಹೋದದ್ದು ಗ್ಯಾರೇಜಿನ ಬಾಗಿಲು ಮತ್ತು ತುದಿಗೋಡೆಗಳ ಮೂಲಕ. ಆ ಬಳಿಕ ಅಲ್ಲಿನ ಮಯಾಮಿ-ಡೇಡ್ ಜಿಲ್ಲೆಯಲ್ಲಿ ಬಾಗಿಲು ಕಿಟಕಿಗಳ ಮೇಲೆ ಸುಮಾರು 4 ಕೆ.ಜಿ. ತೂಕದ ಮರದ ತೊಲೆಯನ್ನು ಗಂಟೆಗೆ 55 ಕಿ.ಮೀ. ವೇಗದಲ್ಲಿ ಎಸೆದು ಪರೀಕ್ಷಿಸುವ ಪದ್ಧತಿ ಬಂದಿತು. ಚಂಡಮಾರುತದಲ್ಲಿ ಹಾರಿಬರುವುದು ಬರಿಯ ಗಾಳಿಯಲ್ಲ, ನೆರೆಮನೆಯ ತೊಲೆಯೂ ಹೌದು.

ಷಟರ್ ತಯಾರಕರಿಗೆ ಇಲ್ಲೊಂದು ಅವಕಾಶವಿದೆ. ಪೇಟೆಯ ಅಂಗಡಿಗೆ ಕಳ್ಳರಿಂದ ರಕ್ಷಣೆ ನೀಡಲೆಂದು ಮಾಡಿದ ಷಟರ್ ಬೇರೆ. ಪಟ್ಟಿಗಳ ತುದಿಯಲ್ಲಿ ಗಾಳಿ ಕೊಕ್ಕೆ, ಆಳವಾದ ಹಳಿ, ನಡುವೆ ತೆಗೆದು ಹಾಕಬಹುದಾದ ಆಧಾರ ಕಂಬ ಇರುವ ಷಟರ್ ಬೇರೆ. ಎರಡನೆಯದಕ್ಕೆ ಹೆಚ್ಚಿನ ಬೆಲೆ ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ.

ಉಪ್ಪು, ಸಿಮೆಂಟು, ಸೆಕೆ

ತಗಡಿನ ಆಯ್ಕೆಯಲ್ಲಿ ಐ.ಎಸ್. 277ರ ಸತುವಿನ ಲೇಪ, ಐ.ಎಸ್. 15961ರ ಅಲ್ಯೂಮಿನಿಯಂ-ಸತು ಮಿಶ್ರ ಲೇಪ, ಅದರ ಮೇಲೆ ಬಣ್ಣ ಬಳಿದ ಐ.ಎಸ್. 15965 ಎಂಬ ಮೆಟ್ಟಿಲುಗಳಿವೆ. ಖರೀದಿ ಆದೇಶದಲ್ಲಿ ದಪ್ಪದ ಜೊತೆಗೆ ಚದರ ಮೀಟರಿಗೆ ಎಷ್ಟು ಗ್ರಾಂ ಲೇಪ ಎಂದು ಬರೆಯದಿದ್ದರೆ ಗಿರಣಿಯಿಂದ ಏನು ಬಂದರೂ ಪ್ರಶ್ನಿಸುವಂತಿಲ್ಲ. ಮಿಶ್ರ ಲೇಪದ ತಗಡಿಗೆ ಒಂದು ದೌರ್ಬಲ್ಯವಿದೆ. ಹಸಿ ಸಿಮೆಂಟಿನ ಕ್ಷಾರಕ್ಕೆ ಅಲ್ಯೂಮಿನಿಯಂ ತಾಳದು. ಕಮಾನಿನ ಬುಡವನ್ನು ಕಾಂಕ್ರೀಟಿನ ತೋಡಿನಲ್ಲಿ ಇಳಿಸಿ ಗಾರೆ ತುಂಬುವುದು ಒಳನಾಡಿನಲ್ಲಿ ಅಗ್ಗದ ರೂಢಿ. ಸಮುದ್ರದ ದಡದಲ್ಲಿ ಇದೇ ರೂಢಿ ಅನುಸರಿಸಿದರೆ ಕ್ಷಾರ ಒಂದೆಡೆ, ನಿಂತ ಉಪ್ಪುನೀರು ಇನ್ನೊಂದೆಡೆ ಸೇರಿ, ಹನ್ನೊಂದು ಟನ್ ಹಿಡಿದಿಡಬೇಕಾದ ಜಾಗದಲ್ಲಿಯೇ ತಗಡು ಸವೆಯುತ್ತದೆ. ಬಿಸಿಸತುವಿನಲ್ಲಿ ಅದ್ದಿ ತೆಗೆದ ದಪ್ಪ ಚಾನೆಲ್ಲನ್ನು ಆಂಕರ್ ಬೋಲ್ಟುಗಳಿಂದ ಅಡಿಪಾಯಕ್ಕೆ ಬಿಗಿದು, ಕಮಾನನ್ನು ಅದಕ್ಕೆ ಬೋಲ್ಟ್ ಮಾಡಿ, ನೀರು ಹರಿದುಹೋಗಲು ದಾರಿ ಬಿಡುವುದು ವೆಚ್ಚದ ಕ್ರಮವಾದರೂ ಕರಾವಳಿಗೆ ತಕ್ಕ ಕ್ರಮ.

ಸೆಕೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 2004ರ ಸುನಾಮಿಯ ನಂತರ ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿ ನಿರಾಶ್ರಿತರಿಗೆ ಕಟ್ಟಿಕೊಟ್ಟ ತಗಡಿನ ತಾತ್ಕಾಲಿಕ ವಸತಿಗಳಲ್ಲಿ ಜನ ಹಗಲು ಬೆಂದರು. ಒಳಪದರ, ನೆತ್ತಿಯ ಗಾಳಿಗಂಡಿ, ತಿಳಿಬಣ್ಣ ಇವಿಲ್ಲದ ತಗಡಿನ ಗೂಡನ್ನು ಮನೆಯೆಂದು ಮಾರುವುದು ವ್ಯಾಪಾರದ ದೃಷ್ಟಿಯಿಂದಲೂ ದೂರಾಲೋಚನೆಯಲ್ಲ.

ಚರವೋ ಸ್ಥಿರವೋ

ತೆರಿಗೆಯ ಪ್ರಶ್ನೆ ಸ್ವಾರಸ್ಯಕರವಾದುದು. ಕಮಾನು ಮನೆಯನ್ನು ಬಿಡಿಭಾಗಗಳಾಗಿ ಮಾರಿದರೂ ನಿಲ್ಲಿಸಿ ಒಪ್ಪಿಸುವ ಕಾಮಗಾರಿ ಗುತ್ತಿಗೆಯಾಗಿ ಮಾಡಿದರೂ ಸಾಮಾನ್ಯವಾಗಿ ಸರಕು ಮತ್ತು ಸೇವಾ ತೆರಿಗೆ ಶೇ. 18. ಹತ್ತು ಲಕ್ಷ ರೂಪಾಯಿಯ ಬಿಲ್ಲಿಗೆ 1,80,000 ರೂಪಾಯಿ. ಮಾರುವವರಿಗೆ ದರದಲ್ಲಿ ವ್ಯತ್ಯಾಸವಿಲ್ಲ. ಕೊಳ್ಳುವವರು ನೋಂದಾಯಿತ ವರ್ತಕರಾಗಿದ್ದು ಅದನ್ನು ಸಿಬ್ಬಂದಿ ವಸತಿಗೋ ಕಚೇರಿಗೋ ಬಳಸುವುದಾದರೆ ಈ ಮೊತ್ತ ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆಯೇ ಎಂಬುದೇ ಪ್ರಶ್ನೆ. ಕಾಯಿದೆಯ 17(5)ನೆಯ ಪ್ರಕರಣವು ಯಂತ್ರ ಸ್ಥಾವರಗಳನ್ನು ಬಿಟ್ಟು ಉಳಿದ ಸ್ಥಿರಾಸ್ತಿ ನಿರ್ಮಾಣಕ್ಕೆ ಜಮೆಯನ್ನು ತಡೆದಿದೆ. 2024ರ ಅಕ್ಟೋಬರ್ 3ರಂದು ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೆರೆದ ಕಿಂಡಿಯನ್ನು 2025ರ ಹಣಕಾಸು ಕಾಯಿದೆಯು 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗುವಂತೆ ಮುಚ್ಚಿತು.

ಉಳಿದಿರುವ ವಾದವೆಂದರೆ ಕಮಾನು ಕಟ್ಟಡ ಸ್ಥಿರಾಸ್ತಿಯೇ ಅಲ್ಲ ಎಂಬುದು. 2024ರ ನವೆಂಬರ್ 20ರಂದು ಭಾರ್ತಿ ಏರ್‌ಟೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೊಬೈಲ್ ಗೋಪುರಗಳನ್ನೂ ಅವುಗಳ ಬುಡದಲ್ಲಿರುವ ಪೂರ್ವನಿರ್ಮಿತ ಕೊಠಡಿಗಳನ್ನೂ ಚರ ಸರಕುಗಳೆಂದು ಪರಿಗಣಿಸಿ ಸೆನ್‌ವ್ಯಾಟ್ ಜಮೆಯನ್ನು ಎತ್ತಿಹಿಡಿಯಿತು. ಬಿಚ್ಚಿ ಬೇರೆಡೆ ಜೋಡಿಸಬಹುದು, ನೆಲಕ್ಕೆ ಬಿಗಿದಿರುವುದು ಅಲುಗಾಡದಿರಲೆಂದೇ ವಿನಾ ನೆಲದ ಭಾಗವಾಗಲೆಂದಲ್ಲ ಎಂಬುದು ಅಲ್ಲಿನ ತರ್ಕ. ಹಳೆಯ ಸೆನ್‌ವ್ಯಾಟ್ ನಿಯಮಗಳಡಿಯ ಈ ತೀರ್ಪನ್ನು ಅಡುಗೆಮನೆ, ಶೌಚಾಲಯ, ನೀರಿನ ಕೊಳವೆಗಳುಳ್ಳ, ಶಾಶ್ವತ ವಾಸಕ್ಕೆಂದೇ ಕಟ್ಟಿದ ಮನೆಗೆ ವಿಸ್ತರಿಸುವುದು ಕಷ್ಟಸಾಧ್ಯ.

ಅಪಾಯ ಅಡಗಿರುವುದು ಇಲ್ಲಿ. ಚರವೆಂದು ತೋರಿಸುವ ಆಸೆಯಿಂದ ಅಡಿಪಾಯವನ್ನು ಹಗುರಗೊಳಿಸುವ, ಬೋಲ್ಟುಗಳನ್ನು ವಿರಳಗೊಳಿಸುವ ಪ್ರಲೋಭನೆ ಉಂಟಾಗಬಹುದು. ಬೋಲ್ಟಿನ ಬಿಗಿತವೊಂದರಿಂದಲೇ ವಸ್ತು ಸ್ಥಿರಾಸ್ತಿಯಾಗದು ಎಂದು ನ್ಯಾಯಾಲಯಗಳೇ ಹೇಳಿರುವಾಗ ಅದಕ್ಕೆ ಕಾರಣವೂ ಇಲ್ಲ. ಜಮೆ ಸಿಗದೆಂದು ಹಿಡಿದೇ ದರ ನಿಗದಿಪಡಿಸಬೇಕು; ಸಿಕ್ಕರೆ ಅದು ಗ್ರಾಹಕರ ಲಾಭ. ಆದಾಯ ತೆರಿಗೆಯಲ್ಲಿಯೂ ಇಂತಹದೇ ಆಕರ್ಷಣೆ ಕಂಡದ್ದುಂಟು. 1962ರ ನಿಯಮಗಳ ಪಟ್ಟಿಯಲ್ಲಿ ವಾಸದ ಕಟ್ಟಡಕ್ಕೆ ಸವಕಳಿ ಶೇ. 5, ಇತರ ಕಟ್ಟಡಕ್ಕೆ ಶೇ. 10, ಮರದ ಚಪ್ಪರದಂತಹ ಕೇವಲ ತಾತ್ಕಾಲಿಕ ನಿರ್ಮಾಣಕ್ಕೆ ಹಿಂದೆ ಶೇ. 100 ಇದ್ದು ಅನಂತರ ಶೇ. 40 ಆಯಿತು. ಚಂಡಮಾರುತವನ್ನು ತಡೆಯುತ್ತದೆಂದು ಕರಾರಿನಲ್ಲಿ ಖಾತರಿ ಕೊಟ್ಟ ಕಟ್ಟಡವನ್ನು ರಿಟರ್ನಿನಲ್ಲಿ ತಾತ್ಕಾಲಿಕವೆಂದು ಘೋಷಿಸಿದರೆ ಎರಡರಲ್ಲಿ ಒಂದು ಕಾಗದ ಸುಳ್ಳಾಗುತ್ತದೆ.

ವಿಮೆ ಮತ್ತು ಸಾಗಣೆ

2021ರ ಏಪ್ರಿಲ್ 1ರಿಂದ ಮನೆಗಳಿಗೆ ಭಾರತ್ ಗೃಹ ರಕ್ಷಾ, ಐದು ಕೋಟಿ ರೂಪಾಯಿವರೆಗಿನ ಆಸ್ತಿಯ ಉದ್ದಿಮೆಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಏಕರೂಪದ ಪಾಲಿಸಿಗಳು ಜಾರಿಗೆ ಬಂದವು. ಬಿರುಗಾಳಿ, ಚಂಡಮಾರುತಗಳು ಇವುಗಳ ವ್ಯಾಪ್ತಿಯಲ್ಲಿವೆ. ತಗಡಿನ ಮನೆಯಾದ್ದರಿಂದ ಕಚ್ಚಾ ಕಟ್ಟಡವೆಂದು ವಿಮೆ ಸಿಗದು ಎಂಬ ಅಂಜಿಕೆ ಬೇಡ. ಪಾಲಿಸಿಗಳ ವ್ಯಾಖ್ಯೆಯಂತೆ ಕಚ್ಚಾ ಎಂದರೆ ಮರದ ಹಲಗೆ, ಗರಿ, ಹುಲ್ಲು, ಬಿದಿರು, ಟಾರ್ಪಾಲಿನ್ ಮುಂತಾದವುಗಳ ಗೋಡೆ ಅಥವಾ ಛಾವಣಿ. ಆದರೆ ಇವು ನಿಂತ ಮನೆಯ ವಿಮೆಗಳು. ಅರ್ಧ ಜೋಡಿಸಿದ ಕಮಾನಿಗೆ ಪ್ರತ್ಯೇಕ ಜೋಡಣಾ ವಿಮೆ ಪಡೆಯಬೇಕು. ತುದಿಗೋಡೆಯಿಲ್ಲದೆ ಬಾಯ್ತೆರೆದು ನಿಂತ ಕಮಾನು ಅದರ ಆಯುಸ್ಸಿನಲ್ಲಿಯೇ ಅತಿ ದುರ್ಬಲ ಸ್ಥಿತಿಯಲ್ಲಿರುತ್ತದೆ.

ಆದ್ದರಿಂದ ದಿನಾಂಕವೂ ದರಪಟ್ಟಿಯ ಭಾಗವೇ. ನಮ್ಮ ಎರಡೂ ಕರಾವಳಿಗಳಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮುಂಗಾರಿಗೆ ಮುನ್ನ ಏಪ್ರಿಲ್‌ನಿಂದ ಜೂನ್‌ವರೆಗೆ, ಮುಂಗಾರಿನ ನಂತರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಒಡಿಶಾದ ಮಹಾ ಚಂಡಮಾರುತ 1999ರ ಅಕ್ಟೋಬರ್ 29ರದ್ದು. ಪುರಿಗೆ ಬಡಿದ ಫನಿ 2019ರ ಮೇ 3ರದ್ದು. ಕರ್ನಾಟಕದ ಕರಾವಳಿಯ ಪಕ್ಕದಲ್ಲಿಯೇ ಹಾದುಹೋಗಿ ಮನೆ ಮಾರುಗಳಿಗೆ ಹಾನಿ ಮಾಡಿದ ತೌಕ್ತೆ 2021ರ ಮೇ ತಿಂಗಳ ನಡುವಿನದು. ಜೋಡಣೆಗೆ ಜನವರಿಯಿಂದ ಮಾರ್ಚ್ ಪ್ರಶಸ್ತ. ನಿವೇಶನವು ಭರತರೇಖೆಯಿಂದ 500 ಮೀಟರಿನೊಳಗಿದ್ದರೆ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಅನುಮತಿ ಗ್ರಾಹಕರ ಕೈಯಲ್ಲಿದೆಯೇ ಎಂದು ಮುಂಗಡ ಪಡೆಯುವ ಮೊದಲೇ ವಿಚಾರಿಸಬೇಕು.

ಸಾಮಗ್ರಿ ಒಂದೇ ಲಾರಿಯಲ್ಲಿ ಹೋಗದಿದ್ದರೆ ಜಿ.ಎಸ್.ಟಿ. ನಿಯಮ 55(5) ದಾರಿ ತೋರಿಸುತ್ತದೆ. ಮೊದಲ ಲಾರಿ ಹೊರಡುವ ಮುನ್ನವೇ ಪೂರ್ಣ ಇನ್‌ವಾಯ್ಸ್ ಸಿದ್ಧಪಡಿಸಬೇಕು. ನಂತರದ ಒಂದೊಂದು ಲಾರಿಗೂ ಆ ಇನ್‌ವಾಯ್ಸನ್ನು ಉಲ್ಲೇಖಿಸಿ ಡೆಲಿವರಿ ಚಲನ್ ಕೊಡಬೇಕು, ದೃಢೀಕೃತ ಪ್ರತಿಯನ್ನು ಜೊತೆಗಿಡಬೇಕು. ಮೂಲ ಪ್ರತಿ ಹೋಗುವುದು ಕಡೆಯ ಲಾರಿಯೊಂದಿಗೆ. ತುದಿಗೋಡೆ, ಬಾಗಿಲು, ಷಟರುಗಳನ್ನು ಮಾತ್ರ ಆ ಕಡೆಯ ಲಾರಿಗೆ ಉಳಿಸದೆ ಮೊದಲನೆಯದರಲ್ಲಿಯೇ ಕಳುಹಿಸಿದರೆ, ಕಮಾನು ಎದ್ದ ಮರುದಿನವೇ ಅದರ ಬಾಯಿ ಮುಚ್ಚಲು ಸಾಧ್ಯವಾಗುತ್ತದೆ.